ನೀರು ಕುಡಿಸದ ಬಟ್ಟೆ

ನನಗೆ ಮೊದಲಿನಿಂದಲೂ ಭಯ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಲಿಗೆ ಕಲಿಯಲು ಬರುವ ಹೆಣ್ಣುಮಕ್ಕಳು ನನ್ನನ್ನು ಬಹಳ ಗಟ್ಟಿಗಿತ್ತಿ ಎಂದುಕೊಂಡಿದ್ದಾರೆ. "ಗಿರಿಜಕ್ಕ ಮಧುಗಿರೀಲಿ ಮೊದಲು ಸ್ವಿಮ್ಮಿಂಗ್ ಡ್ರೆಸ್ ಹೊಲಿದೋರು ಕಣ್ರೇ" ಎಂದು ತಮ್ಮತಮ್ಮಲ್ಲೇ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಹೊಲಿದದ್ದು ನಿಜ. ಮೊದಲೋ ಎರಡನೆಯದೋ ನನಗೆ ಗೊತ್ತಿಲ್ಲ. ಬಾಗಿಲಿಗೆ ಚಿಲಕ ಹಾಕಿಕೊಂಡು, ಮಿಷನ್ ಮೇಲೆ ಲಂಗದ ಬಟ್ಟೆ ಹರವಿಕೊಂಡು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಎದೆ ಢವಢವ ಹೊಡೆದುಕೊಳ್ಳುತ್ತಾ ಹೊಲಿದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಗ ಸೂಜಿಗೆ ದಾರ ಪೋಣಿಸಲು ಇನ್ನೊಬ್ಬರನ್ನು ಕೂಗಬೇಕು. ಕಣ್ಣು ಅಷ್ಟು ಮಂಜಾಗಿದೆ. ಅಂಗಡಿಯನ್ನು ನಾದಿನಿಯ ಮಗಳು ಸುಧಾಳಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದೇನೆ. ಅವಳೇ ನನ್ನನ್ನು ಬರೆಯಲು ಹಚ್ಚಿದವಳು. "ಅತ್ತೆ, ಕಟಿಂಗು, ಅಳತೆ ಎಲ್ಲಾ ಮೊಬೈಲಲ್ಲೇ ಸಿಕ್ತದೆ. ಮೊಬೈಲಲ್ಲಿ ಸಿಗದೇ ಇರೋದು ಬರ್ಕೊಡ್ರಿ" ಎಂದಳು. ಕೂತು ಯೋಚಿಸಿದೆ. ಸಿಗದೇ ಇರುವುದು ಅಂದರೆ ಭಯವೇ ಇರಬೇಕು ಅನ್ನಿಸಿತು. ಪರರ ಬಟ್ಟೆಗೆ ಕತ್ತರಿ ಇಡುವ ಕೆಲಸ ಇದು. ಕತ್ತರಿಸಿದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ.

ನಾನು ಕೆಲಸ ಕಲಿತದ್ದು ತವರೂರು ಶಿರಾದಲ್ಲಿ, ಬಾಷಾ ಮಾಸ್ಟರ್ ಅವರ ಅಂಗಡಿಯಲ್ಲಿ. ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣ. ಗಂಡಸರ ಅಂಗಡಿಗೆ ಹುಡುಗಿಯನ್ನು ಕಳಿಸುವುದೇ ಅಂತ ನಮ್ಮ ಬೀದಿಯಲ್ಲಿ ಗುಸುಗುಸು ಎದ್ದಾಗ ಮಾಸ್ಟರ್ ತಮ್ಮ ಮಗಳು ನೂರ್‌ಜಾನಳನ್ನೇ ತಂದು ನನ್ನ ಪಕ್ಕ ಕೂರಿಸಿದರು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರು, ನಾನು ಅವರನ್ನು ಆಪಾ ಅನ್ನುತ್ತಿದ್ದೆ. ಅವರು ಮಿಷನ್ ಮುಟ್ಟುತ್ತಿರಲಿಲ್ಲ. ಕೈಯಲ್ಲೇ ಕಾಜಾ ಹಾಕುವುದು, ಹುಕ್ಸ್ ಹಚ್ಚುವುದು, ಬಟ್ಟೆಯ ಒಳಗೆ ಅಸ್ತರಿನ ಪದರ ಕೂರಿಸುವುದು. ಅವರ ಕೈಹೊಲಿಗೆ ನೋಡಿದರೆ ಮಿಷನ್ನಿಗೇ ನಾಚಿಕೆಯಾಗಬೇಕು.

ಅಂಗಡಿಯ ಹಿಂದೆ ಒಂದು ಕಲ್ಲುಬಾನಿ ಇತ್ತು. ಯಾರದೇ ಬಟ್ಟೆ ಬರಲಿ, ಮೊದಲು ಅದರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಹಾಕಿದ ಮೇಲೇ ಕತ್ತರಿ. ಒಂದು ಸಲ ಮದುವೆ ಗಡಿಬಿಡಿಯಲ್ಲಿ ನಾನು ಒಬ್ಬ ಹುಡುಗಿಯ ಕಾಟನ್ ರವಿಕೆಯನ್ನು ನೆನೆಹಾಕದೆ ಹೊಲಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಒಂದು ಒಗೆತಕ್ಕೆ ಆ ಹುಡುಗಿಯ ತೋಳು ಒಳಗೆ ಹೋಗಲಿಲ್ಲ. ಅವಳ ಚಿಕ್ಕಪ್ಪ ಬಂದು ರವಿಕೆಯನ್ನು ನನ್ನ ಮುಖಕ್ಕೆ ಎಸೆದ. ಮಾಸ್ಟರ್ ಅವನನ್ನು ಸಮಾಧಾನ ಮಾಡಿ ಕಳಿಸಿ, ನನ್ನನ್ನು ಬಾನಿಯ ಹತ್ತಿರ ಕರೆದುಕೊಂಡು ಹೋದರು.

"ನೋಡು ಬೇಟಿ, ಬಟ್ಟೆ ಸುಳ್ ಹೇಳ್ತದೆ. ಒಣಗಿದ್ದಾಗ ಒಂದ್ ಥರ, ನೆಂದಾಗ ಇನ್ನೊಂದ್ ಥರ. ಫಸ್ಟು ನೀರು ಕುಡಿಸು. ಆಮೇಲೆ ಏನ್ ಹೇಳ್ತದೋ ಅದು ನಿಜ."

ನಾನು ಅಳುತ್ತಾ ತಲೆಯಾಡಿಸಿದೆ. ಆಪಾ ಒಳಗಿನಿಂದ ಕಿಸಕ್ಕನೆ ನಕ್ಕರು. ಆ ನಗುವಿಗೆ ನನಗೆ ಮಾಸ್ಟರ್ ಬೈದದ್ದಕ್ಕಿಂತ ಹೆಚ್ಚು ಅವಮಾನವಾಯಿತು.

ಮದುವೆಯಾಗಿ ಮಧುಗಿರಿಗೆ ಬಂದೆ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದೆ. ಆಗೆಲ್ಲ ರವಿಕೆಯ ಬೆನ್ನು ಕತ್ತಿನವರೆಗೂ ಇರುತ್ತಿತ್ತು. ಆಮೇಲೆ ಒಂದೊಂದೇ ಇಂಚು ಇಳಿಯತೊಡಗಿತು. ಇಳಿದಂತೆಲ್ಲ ನನ್ನ ಭಯ ಏರುತ್ತಿತ್ತು. ಸೊಸೆ ಬಂದು ಹೇಳಿ ಹೋಗುವಳು, ಅತ್ತೆ ಬಂದು ಜಗಳವಾಡುವಳು. ದಂಡಿನ ಬೀದಿಯ ಒಬ್ಬ ಅತ್ತೆ ಅಂಗಡಿಯ ತುಂಬ ಜನ ಕೂತಿರುವಾಗಲೇ ಸೊಸೆಯ ರವಿಕೆ ಬಿಡಿಸಿ ಹಿಡಿದು ಕೇಳಿದಳು:

"ಏನ್ ಗಿರಿಜಾ, ನನ್ ಸೊಸೆ ಬೆನ್ನಿಗೆ ಬಟ್ಟೆ ಸಾಲ್ದೆ ಬಂತಾ? ಹೇಳಿದ್ರೆ ಇನ್ನೊಂದ್ ಮೊಳ ತಂದ್ಕೊಡ್ತಿರಲಿಲ್ವಾ ನಾನು?"

"ಅವರೇ ಹಂಗ್ ಹೇಳಿದ್ರು ಕಣಮ್ಮ…"

"ಅವ್ಳು ಬಾವಿಗೆ ಬೀಳು ಅಂದ್ರೆ ಬೀಳ್ತೀಯೇನು?"

ಅದೇ ಅತ್ತೆ ಎರಡು ವರ್ಷದ ಮೇಲೆ ಸ್ವಂತ ಮಗಳ ಮದುವೆಗೆ ರವಿಕೆ ಹೊಲಿಸಲು ಬಂದು, ಬಾಗಿಲು ಸ್ವಲ್ಪ ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, "ನನ್ ಸೊಸೇದು ಒಂದ್ ಹೊಲಿದಿದ್ಯಲ್ಲ, ಅದಕ್ಕಿಂತ ಒಂದ್ ಚೂರು ಕೆಳಕ್ಕೆ ಇಳಿಸ್ಬುಡು" ಎಂದಳು. ನಗಬೇಕೋ ಅಳಬೇಕೋ! ನಾನು ಕೆಮ್ಮಿದೆ ಅಷ್ಟೆ.

ಸ್ವಿಮ್ಮಿಂಗ್ ಡ್ರೆಸ್ಸು ಬಂದದ್ದು ಮೊಬೈಲ್ ಬಂದ ಮೇಲೆ. ಮೊದಲು ಕೇಳಿದವಳು ಪಾವಗಡದ ಕಡೆಯ ಹುಡುಗಿ. ಬಿಂದಿಗೆ ನೀರಿಗೆ ಸರದಿ ನಿಲ್ಲುವ ಊರಿನಿಂದ ಈಜುವ ಬಟ್ಟೆಗೆ ಗಿರಾಕಿ! ಹೊಸದಾಗಿ ಮದುವೆಯಾಗಿದ್ದಳು, ಗಂಡ ಸೋಲಾರ್ ಪಾರ್ಕಿನಲ್ಲಿ ಎಂಜಿನಿಯರು, ಸಮುದ್ರ ನೋಡಲು ಹೊರಟಿದ್ದರು. ಫೋನಿನಲ್ಲಿ ಚಿತ್ರ ತೋರಿಸಿದಳು. ನಾನು ಮೊದಲು ನೋಡಿದ್ದು ಬಾಗಿಲ ಕಡೆಗೆ, ಆಮೇಲೆ ಚಿತ್ರವನ್ನು.

"ಇದು ಇಷ್ಟೇನಾ, ಇನ್ನೂ ಇದೆಯಾ?" ಎಂದೆ.

"ಇಷ್ಟೇ ಅಕ್ಕಾ" ಎಂದಳು ಅವಳು, ನೆಲ ನೋಡುತ್ತಾ.

ಅಂಗಡಿಯಲ್ಲಿ ಕೇಳಲು ನಾಚಿಕೆ, ಆನ್‌ಲೈನಿನಲ್ಲಿ ತರಿಸಿದರೆ ಪಾರ್ಸಲನ್ನು ಮಾವ ಬಿಚ್ಚುತ್ತಾರೆಂಬ ಹೆದರಿಕೆ. ಅದಕ್ಕೇ ನನ್ನ ಬಳಿ ಬರುವುದು. ಅವಳಿಗೆ ಹೊಲಿದುಕೊಟ್ಟೆ. ಲಂಗಕ್ಕೆ ಹಾಕುವ ಇಲಾಸ್ಟಿಕ್ಕನ್ನೇ ಹಾಕಿದ್ದೆ, ನನಗೇನು ಗೊತ್ತು? ಉಪ್ಪುನೀರಿಗೆ ಅದು ಸಡಿಲಾಗಿ, ಪಾಪ, ಒಂದು ಕೈಯಲ್ಲಿ ಗಂಡನನ್ನೂ ಇನ್ನೊಂದು ಕೈಯಲ್ಲಿ ಡ್ರೆಸ್ಸನ್ನೂ ಹಿಡಿದುಕೊಂಡು ಸಮುದ್ರ ನೋಡಿ ಬಂದಳಂತೆ. ನಗುತ್ತಲೇ ಹೇಳಿದಳು. ನನಗೆ ಮಾತ್ರ ಒಂದು ವಾರ ಅನ್ನ ಸೇರಲಿಲ್ಲ. ಆ ಗಂಡ ನಗದೇ ಇದ್ದಿದ್ದರೆ? ಮಾವನಿಗೆ ಗೊತ್ತಾಗಿದ್ದರೆ? ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಊರು ನಮ್ಮದು. ಇಂಥಮ್ಮ ಇಂಥದ್ದು ಹೊಲಿಯುತ್ತಾಳೆ ಎಂದು ಸುದ್ದಿಯಾದರೆ ರವಿಕೆ ಹೊಲಿಸುವವರೂ ಬರುವುದಿಲ್ಲ.

ಆದರೂ ಬಂದರು. ಕಾಲೇಜು ಹುಡುಗಿಯರು, ಟೀಚರುಗಳು, ವಾಟರ್ ಪಾರ್ಕಿಗೆ ಟ್ರಿಪ್ ಹೊರಟವರು. ವರ್ಷ ಕಳೆದಂತೆ ಚಿತ್ರದಲ್ಲಿ ಬಟ್ಟೆ ಕಮ್ಮಿಯಾಗುತ್ತಾ ಹೋಯಿತು, ಕೇಳುವ ದನಿ ಜೋರಾಗುತ್ತಾ ಹೋಯಿತು. ಟ್ರಯಲ್ ಕೋಣೆಗೆ ಮೊಬೈಲ್ ಒಯ್ಯುವುದನ್ನು ನಾನು ನಿಲ್ಲಿಸಿದೆ. ಮೂತಿ ತಿರುಗಿಸಿದವರಿದ್ದಾರೆ. ತಿರುಗಿಸಲಿ. ಒಂದು ಫೋಟೋ ಹೊರಗೆ ಹೋದರೆ ಯಾರ ಮನೆ ಬಾಗಿಲು ಮುಚ್ಚುತ್ತದೋ ಯಾರಿಗೆ ಗೊತ್ತು? ಸುಧಾ, ಈ ಒಂದು ಪದ್ಧತಿಯನ್ನು ನೀನೂ ಬಿಡಬೇಡ.

ಕಟ್ ಆರಿಸುವುದರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಂದವರೆಲ್ಲ ಚಿತ್ರದಲ್ಲಿರುವ ಹುಡುಗಿಯ ಮೈ ನೋಡಿ ಬಟ್ಟೆ ಕೇಳುತ್ತಾರೆ. ನೀವು ಎದುರಿಗೆ ನಿಂತವಳ ಮೈ ನೋಡಿ. ಕಾಲು ಗಿಡ್ಡ ಇದ್ದರೆ ತೊಡೆಯ ಹತ್ತಿರದ ಕಟ್ಟನ್ನು ಸೊಂಟದ ಕಡೆಗೆ ಸ್ವಲ್ಪ ಏರಿಸಿ, ಕಾಲು ಉದ್ದ ಕಾಣುತ್ತದೆ. ಏರಿಸಲು ಅವಳಿಗೆ ಸಂಕೋಚವಾದರೆ ಬೇಡ, ಸಂಕೋಚಪಟ್ಟುಕೊಂಡು ನಿಂತರೆ ಯಾವ ಕಟ್ಟೂ ಚೆಂದ ಕಾಣುವುದಿಲ್ಲ. ಹೆತ್ತ ಹೊಟ್ಟೆಗೆ ಓರೆಯಾಗಿ ನೆರಿಗೆ ಕೊಡಿ, ಅಡ್ಡಪಟ್ಟಿ ಕೊಡಬೇಡಿ. ಎದೆ ಭಾರ ಇದ್ದವರಿಗೆ ಕತ್ತಿಗೆ ಕಟ್ಟುವ ದಾರದ ಡಿಸೈನು ಬೇಡವೇ ಬೇಡ, ಸಂಜೆಗೆ ಕತ್ತು ನೋಯುತ್ತದೆ. ಅಗಲ ಪಟ್ಟಿ ಕೊಟ್ಟು ಬೆನ್ನಿನಲ್ಲಿ ಅಡ್ಡಡ್ಡ ದಾಟಿಸಿ. ಭುಜ ಅಗಲವಿದ್ದವರಿಗೆ ಕತ್ತು ಇಳಿಜಾರಾಗಿರಲಿ. ಇಲಾಸ್ಟಿಕ್ಕಿನ ಕೆಳಗೆ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಚಿಕ್ಕ ಕಟ್ಟಿನದಕ್ಕೆ ಮುಂಭಾಗಕ್ಕಂತೂ ಅಸ್ತರು ತಪ್ಪಿಸಲೇಬೇಡಿ. ನಾನು ಒಂದಕ್ಕೂ ತಪ್ಪಿಸಲಿಲ್ಲ. ಬಟ್ಟೆ ಎಷ್ಟು ಚಿಕ್ಕದೋ ನನ್ನ ಭಯ ಅಷ್ಟು ದೊಡ್ಡದಾಗಿರುತ್ತಿತ್ತು.

ಇಷ್ಟೆಲ್ಲದರ ನಡುವೆ ಕಲ್ಲುಬಾನಿ ಮರೆತೇ ಹೋಯಿತು. ಈಜುಬಟ್ಟೆಗೆ ಬಳಸುವ, ಎಳೆದರೆ ಹಿಗ್ಗುವ ಲೈಕ್ರಾ ನೆನೆದರೆ ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ, ನೆನೆಹಾಕಿ ಏನು ಮಾಡಬೇಕು? ಎಲ್ಲರೂ ಬಿಟ್ಟರು, ನಾನೂ ಬಿಟ್ಟೆ. ಈಜುವ ಬಟ್ಟೆಯನ್ನು ನೀರಿಗೆ ಹಾಕಿ ನೋಡಬೇಕು ಎನ್ನುವುದು ನಮ್ಮಂಥವರಿಗೆ ಹೊಳೆಯುವುದಾದರೂ ಹೇಗೆ? ನಾವು ಮಂಡಿಗಿಂತ ಮೇಲಿನ ನೀರಿಗೆ ಇಳಿದವರಲ್ಲ. ಇಳಿದರೂ ಸೀರೆ ಉಟ್ಟೇ ಇಳಿದವರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಇಬ್ಬರು ಹುಡುಗಿಯರು ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಮಧುಗಿರಿಯ ಒಂದು ಪ್ರೈವೇಟ್ ಶಾಲೆಯಲ್ಲಿ ಟೀಚರುಗಳು. ಒಬ್ಬಳು ಲಾವಣ್ಯ, ಆಂಧ್ರದ ಗಡಿ ಕಡೆಯ ವಳ್ಳೂರಿನವಳು, ಇಲ್ಲೇ ರೂಮು ಮಾಡಿಕೊಂಡಿದ್ದವಳು, ಮಾತಿನ ಮಲ್ಲಿ. ಇನ್ನೊಬ್ಬಳು ಅಫ್ರೀನ್, ದಿನಾ ಶಿರಾದಿಂದ ಬಸ್ಸಿನಲ್ಲಿ ಬರುವವಳು. ಅಫ್ರೀನ್ ಮೆಲ್ಲಗೆ, "ಆಂಟಿ, ನಾನು ಬಾಷಾ ಮಾಸ್ಟರ್ ಮೊಮ್ಮಗಳು, ನೂರ್‌ಜಾನ್ ಮಗಳು" ಎಂದಾಗ ನನಗೆ ಖುಷಿಯೂ ಆಯಿತು, ಎದೆಯೂ ಝಲ್ ಎಂದಿತು. ಮಾಸ್ಟರ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಅಫ್ರೀನಳಿಗೆ ಈಜು ಕಲಿಸಿದವನು ಅವಳ ಅಪ್ಪ, ಗೌಡಗೆರೆಯ ಕಡಲೆಕಾಯಿ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ. ಅಪ್ಪ ಹೋದ ಮೇಲೆ ತಾಯಿ ಅವಳನ್ನು ನೀರಿನ ಹತ್ತಿರ ಬಿಟ್ಟಿರಲಿಲ್ಲ. ಈಗ ಚನ್ನರಾಯನದುರ್ಗದ ಬೆಟ್ಟದ ಹತ್ತಿರ ಒಂದು ಹೊಸ ರೆಸಾರ್ಟು ಆಗಿ, ಅಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸಲು ಒಬ್ಬ ಟೀಚರಮ್ಮ ಬೇಕಾಗಿದ್ದಳು. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರ ಎದುರಿಗೆ ಈಜಿ ತೋರಿಸಬೇಕು. ಆಪಾ ತಿಂಗಳುಗಟ್ಟಲೆ ಬೇಡವೆಂದು, ಮಗಳು ಊಟ ಬಿಟ್ಟ ಮೇಲೆ ಒಂದು ಷರತ್ತಿನ ಮೇಲೆ ಒಪ್ಪಿದ್ದರು. ಕತ್ತಿನಿಂದ ಹಿಮ್ಮಡಿಯವರೆಗೆ, ಮಣಿಕಟ್ಟಿನವರೆಗೆ ಮೈ ಮುಚ್ಚಿರಬೇಕು. ಒಂದೇ ಒಂದು ಮಾತು ಬಂದರೂ ಅವತ್ತಿಗೇ ಕೊನೆ.

"ಒಂದೇ ಸಲ ಚಾನ್ಸು ಆಂಟಿ, ಮತ್ತೆ ಅಮ್ಮಿ ಬಿಡಲ್ಲ" ಎಂದಳು ಹುಡುಗಿ.

ಲಾವಣ್ಯಳಿಗೂ ಒಂದು ಬೇಕಾಗಿತ್ತು, ರಜೆಗೆ ಗೆಳತಿಯರ ಜೊತೆ ಗೋಕರ್ಣಕ್ಕೆ ಹೊರಟಿದ್ದಳು. ಅವಳದು ಬೆನ್ನೆಲ್ಲ ತೆರೆದ, ತೊಡೆಯ ಮೇಲೆ ಏರಿದ ಕಟ್ಟು. ಇಬ್ಬರೂ ಒಂದೇ ಬಟ್ಟೆ ಆರಿಸಿದರು, ಶಿರಾದ ಕಟ್‌ಪೀಸ್ ಅಂಗಡಿಯಿಂದ ನಾನು ತಂದಿಟ್ಟಿದ್ದ ತಿಳಿ ಪಿಸ್ತಾ ಬಣ್ಣದ್ದು. ಮುಟ್ಟಿದರೆ ದಪ್ಪ, ಬೆಣ್ಣೆಯ ಹಾಗೆ ನುಣುಪು.

ಲಾವಣ್ಯಳದಕ್ಕೆ ಎಂದಿನಂತೆ ಮುಂದೆ ಅಸ್ತರು ಕೊಟ್ಟೆ. ಅಫ್ರೀನಳದಕ್ಕೆ ಕೊಡಲಿಲ್ಲ. ಮೈತುಂಬ ಮುಚ್ಚಿದ್ದಕ್ಕೆ ಇನ್ನೊಂದು ಪದರ ಏಕೆ, ನೀರಿನಲ್ಲಿ ಭಾರವಾಗುತ್ತದೆ ಅನ್ನಿಸಿತು. ವಾರದ ನಡುವೆ ಬಂದು ಹಾಕಿ ನೋಡಿದಳು. ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಪಕ್ಕೆಯಲ್ಲಿ ಕೊಟ್ಟ ಓರೆ ಜೋಡಣೆಯಿಂದ ಆ ಸಣಕಲು ಹುಡುಗಿ ಎತ್ತರವಾಗಿ ಕಂಡಳು. ಅಷ್ಟು ವರ್ಷದಲ್ಲಿ ಭಯವಿಲ್ಲದೆ ಹೊಲಿದ ಒಂದೇ ಈಜುಬಟ್ಟೆ ಅದು.

ಶನಿವಾರ ಮಧ್ಯಾಹ್ನ ಅದನ್ನು ಒಯ್ಯಲು ಆಪಾ ತಾವೇ ಬಂದರು. ಬುರ್ಖಾದ ಮುಸುಕು ಎತ್ತಿ ಕುರ್ಚಿಯಲ್ಲಿ ಕೂತರು. ಮುಖ ಬಾಡಿತ್ತು. ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ನನಗೆ ನಿದ್ದೆ ಇಲ್ಲ ಗಿರಿಜಾ. ನೀರಂದ್ರೂ ಭಯ, ಜನ ಅಂದ್ರೂ ಭಯ. ನಾಳೆ ಎಲ್ರ ಕೈಯಲ್ಲೂ ಫೋನ್ ಇರ್ತದೆ. ಏನಾದ್ರೂ ಒಂದು ನೆಪ ಸಿಕ್ಕಿದ್ರೆ ಸಾಕು, ನಿಲ್ಲಿಸ್ಬುಡ್ತೀನಿ."

"ಏನೂ ಆಗಲ್ಲ ಆಪಾ. ಉಗುರು ಬಿಟ್ರೆ ಬೇರೆ ಏನೂ ಕಾಣ್ಸಲ್ಲ, ನನ್ ಮಾತು ನಂಬಿ" ಎಂದು ನಾನು ದೊಡ್ಡ ಬಾಯಿ ಮಾಡಿ ಹೇಳಿದೆ.

ಯಾವ ಹೊಸ ಬಟ್ಟೆ ಕೊಡುವಾಗಲೂ ಒಳಮೂಲೆಗೆ ಒಂದು ಬೊಟ್ಟು ಅರಿಶಿನ ಹಚ್ಚಿ ಕೊಡುವುದು ನನ್ನ ರೂಢಿ. ಮುಸ್ಲಿಮರ ಬಟ್ಟೆಗೆ ಹಚ್ಚುವುದಿಲ್ಲ, ಅವರಲ್ಲಿ ಆ ಪದ್ಧತಿ ಇಲ್ಲ. ಹಾಗೇ ಮಡಚಿ ಕವರಿಗೆ ಹಾಕಿ ಕೊಟ್ಟೆ.

ಭಾನುವಾರ ಬೆಳಿಗ್ಗೆ ಲಾವಣ್ಯ ಸ್ಕೂಟಿಯಲ್ಲಿ ಬಂದಳು. ತನ್ನ ಬಟ್ಟೆ ತೆಗೆದುಕೊಂಡು ಗೆಳತಿ ಈಜುವುದನ್ನು ನೋಡಲು ಹೋಗುವವಳಿದ್ದಳು. ನಾನು ಭರಣಿಯಿಂದ ಚಿಟಿಕೆ ಅರಿಶಿನ ತೆಗೆದು, ಲೋಟದ ನೀರಿನಲ್ಲಿ ಬೆರಳದ್ದಿ, ಬಟ್ಟೆಯ ಹಿಂಭಾಗದ ಅಂಚನ್ನು ಎತ್ತಿ ಒಳಗಿನಿಂದ ಒತ್ತಿದೆ. ನೀರು ಸ್ವಲ್ಪ ಹೆಚ್ಚಾಗಿತ್ತು. ಬಟ್ಟೆ ಬೆರಳಿಗೆ ಅಂಟಿಕೊಂಡಿತು.

ನನ್ನ ಉಗುರು ಕಂಡಿತು. ಉಗುರಿನ ಸುತ್ತ ಮೆತ್ತಿದ ಅರಿಶಿನ ಕಂಡಿತು. ಸೂಜಿ ಚುಚ್ಚಿಸಿಕೊಂಡು ಕಪ್ಪಾದ ಬೆರಳ ತುದಿಯ ಚುಕ್ಕೆಗಳೂ ಕಂಡವು.

ಕಣ್ಣು ಮಂಜಾಗಿದೆ, ಏನೋ ಇರಬೇಕು ಎಂದುಕೊಂಡೆ. ಅಂಗೈ ಮೇಲೆ ಬಟ್ಟೆ ಹರಡಿ ಲೋಟದ ನೀರೆಲ್ಲ ಸುರಿದೆ. ನನ್ನ ಹಸ್ತರೇಖೆ ಓದಬಹುದಿತ್ತು.

"ಅಯ್ಯೋ ನನ್ನಪ್ಪಾ!" ಎಂದು ಕೂತುಬಿಟ್ಟೆ.

"ಏಮೈಂದಿ ಅಕ್ಕಾ?" ಎಂದು ಲಾವಣ್ಯ ಓಡಿ ಬಂದಳು. ಗಾಬರಿಯಾದರೆ ಅವಳ ಬಾಯಲ್ಲಿ ತೆಲುಗೇ ಬರುತ್ತಿತ್ತು. ನಾನು ಕೈ ಮುಂದೆ ಹಿಡಿದೆ. ಅವಳಿಗೂ ಅರ್ಥವಾಯಿತು. "ನಂದು ಹೋಗ್ಲಿ ಅಕ್ಕಾ… ಅಫ್ರೀನ್! ಅವ್ಳದ್ರಾಗೆ ಅಸ್ತರೇ ಇಲ್ವಲ್ಲ!"

ಫೋನ್ ಮಾಡಿದೆವು. ರಿಂಗ್ ಆಗುತ್ತಿತ್ತು, ಎತ್ತುವವರಿಲ್ಲ. ಆಪಾ ಹತ್ತಿರ ಫೋನೇ ಇಲ್ಲ. ಕೈಗೆ ಸಿಕ್ಕಿದ ಒಂದು ಕಡುನೀಲಿ ಬೆಡ್‌ಶೀಟು ಎಳೆದುಕೊಂಡು, ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಸ್ಕೂಟಿಯ ಹಿಂದೆ ಹತ್ತಿದೆ. ಗಾಡಿಯ ಹಿಂದೆ ಕೂರಲು ಹೆದರುವವಳು ನಾನು. ಅವತ್ತು ಆ ಹೆದರಿಕೆಗೆ ಪುರುಸೊತ್ತಿರಲಿಲ್ಲ.

ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ ಚಿತ್ರ. ಆ ಹುಡುಗಿ ನೀರಿನಿಂದ ಮೇಲೆ ಬರುತ್ತಾಳೆ. ಸುತ್ತ ಅಪ್ಪಂದಿರು, ಅಣ್ಣಂದಿರು, ಎಲ್ಲರ ಕೈಯಲ್ಲೂ ಫೋನು. ಅವಳಿಗೇ ಗೊತ್ತಿಲ್ಲ, ನಗುತ್ತಾ ನಿಲ್ಲುತ್ತಾಳೆ. ಸಂಜೆಯೊಳಗೆ ಶಿರಾದ ಮೊಬೈಲುಗಳಲ್ಲೆಲ್ಲ ಅದೇ. ಚಿಕ್ಕ ಬಟ್ಟೆ ಹಾಕಿದವಳಿಗಾದರೂ ಎಷ್ಟು ಕಾಣುತ್ತದೆಂದು ಗೊತ್ತಿರುತ್ತದೆ, ಇವಳು ಪೂರ್ತಿ ಮುಚ್ಚಿಕೊಂಡಿದ್ದೇನೆ ಎಂದು ನಂಬಿ ನಿಂತಿರುತ್ತಾಳೆ. ಮಾಸ್ಟರ್ ಮೊಮ್ಮಗಳ ಮಾನ ನನ್ನ ಕೈಯಿಂದಲೇ ಹೋಗಬೇಕೇ? 

ದುರ್ಗದ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ರಸ್ತೆಯ ತುಂಬ ಕುರಿ, ಮುಂದೆ ಹೋಗವು, ಪಕ್ಕಕ್ಕೂ ಸರಿಯವು. ಲಾವಣ್ಯ ಹಾರನ್ ಒತ್ತಿದಷ್ಟೂ ಬೆದರಿ ಒತ್ತೊತ್ತಾಗಿ ನಿಂತವು. "ಲೇ, ಹೊಡ್ಕಳ್ಳಲಾ ಬೇಗ! ಪ್ರಾಣ ಹೋಗೋ ಕೆಲ್ಸ ಐತೆ!" ಎಂದು ಕೂಗಿದೆ. ಕುರಿ ಕಾಯುವಾತ ಕೋಲಿನ ಮೇಲೆ ಗದ್ದ ಊರಿ, "ಪ್ರಾಣ ಹೋಗೋ ಕೆಲ್ಸಕ್ಕೆ ಯಾಕಮ್ಮೋ ಅವಸ್ರ?" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ರೆಸಾರ್ಟಿನ ಗೇಟಿನವನು ಟಿಕೆಟ್ ಕೇಳಿದ. ಲಾವಣ್ಯ ಅವನ ಜೊತೆ ಜಗಳಕ್ಕೆ ನಿಂತಳು, ನಾನು ಬೆಡ್‌ಶೀಟು ಅವುಚಿಕೊಂಡು ಒಳಗೆ ಓಡಿದೆ. ಓಡುವಾಗಲೇ ನೀರಿಗೆ ಯಾರೋ ಧುಮುಕಿದ ಸದ್ದು, ಚಪ್ಪಾಳೆ.  ಹೋಯಿತು. ಇಳಿದುಬಿಟ್ಟಳು.

ಕೊಳದ ಮೂರು ಕಡೆ ಜನ. ನಾನು ಹೆದರಿದ ಹಾಗೇ ಎಲ್ಲರ ಕೈ ಮೇಲೆದ್ದಿತ್ತು, ಕೈಯಲ್ಲಿ ಫೋನು. ನೀರಿನ ನಡುವೆ ಅಫ್ರೀನಳ ತಲೆ, ಬೀಸುವ ಕೈ ಅಷ್ಟೇ ಕಾಣುತ್ತಿತ್ತು. ಆ ತುದಿ ಮುಟ್ಟಿ ತಿರುಗಿ ಈ ಕಡೆಗೇ ಬರುತ್ತಿದ್ದಳು. ಮ್ಯಾನೇಜರು ಮೈಕಿನಲ್ಲಿ, "ಈಗ ಮೇಡಮ್ ಮೇಲ್ ಬಂದು ಎಲ್ರಿಗೂ ನಮಸ್ಕಾರ ಹೇಳ್ತಾರೆ" ಎಂದ. ಅವಳು ಏಣಿ ಹಿಡಿದಳು.

"ಬರ್ಬೇಡ್ವೇ! ಅಲ್ಲೇ ಇರೇ ತಾಯಿ!" ಎಂದು ಕಿರುಚಿದೆ. ಚಪ್ಪಾಳೆಯ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಒದ್ದೆ ಟೈಲ್ಸಿನ ಮೇಲೆ ಜಾರುತ್ತಾ ಓಡಿ, ಏಣಿಯ ಎದುರಿಗೆ ಬೆಡ್‌ಶೀಟು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಕಣ್ಣು ಮುಚ್ಚಿ ನಿಂತುಬಿಟ್ಟೆ.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. "ಅಜ್ಜೀ, ಒಣಗಾಕ್ತಿದೀರಾ?" ಎಂದಳು ಒಬ್ಬಳು ಪುಟ್ಟ ಹುಡುಗಿ.

ಕಣ್ಣು ಬಿಟ್ಟೆ. ಅಫ್ರೀನ್ ನನ್ನ ಎದುರಿಗೆ ನೀರು ಸುರಿಸುತ್ತಾ ನಿಂತಿದ್ದಳು. ಪಿಸ್ತಾ ಬಣ್ಣ ನೆನೆದು ಕಡು ಹಸಿರಾಗಿತ್ತು, ಹುಣಸೆ ಎಲೆಯ ಕಪ್ಪು ಹಸಿರು. ಭುಜದಿಂದ ಹಿಮ್ಮಡಿಯವರೆಗೆ ಎಲ್ಲೂ ಏನೂ ಕಾಣುತ್ತಿರಲಿಲ್ಲ. ನಾನು ಬೆಪ್ಪಳಂತೆ ನೋಡಿದೆ. ತೋಳಿನ ಒಳಗೆ ಕರಿಯ ಬಟ್ಟೆಯ ಇನ್ನೊಂದು ಪದರವಿತ್ತು.

"ಆಂಟಿ! ನೀವೂ ಬಂದ್ರಾ?" ಎಂದು ಹುಡುಗಿ ನನ್ನ ಕೈ ಹಿಡಿದಳು. "ಕೊನೇಲಿ ಕರೀ ಅಸ್ತರು ಹಾಕಿದ್ದು ಎಷ್ಟ್ ಒಳ್ಳೇದಾಯ್ತು ಗೊತ್ತಾ? ಬೆಳಿಗ್ಗೆ ನೋಡಿ ಧೈರ್ಯ ಬಂತು. ಥ್ಯಾಂಕ್ಸ್ ಆಂಟಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಮೊಣಕೈಯನ್ನು ಗಟ್ಟಿಯಾಗಿ ಅದುಮಿದರು. ಆಪಾ. ತುಟಿ ಬಿಗಿದು, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದರು. ಮ್ಯಾನೇಜರು ಕರೆದ, ಅಫ್ರೀನ್ ಮಕ್ಕಳ ಕಡೆಗೆ ಹೋದಳು. ಆಪಾ ನನ್ನನ್ನು ಎಳೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿದರು. 

"ನೀವು… ನಿಮಗೆ ಹೆಂಗ್ ಗೊತ್ತಾಯ್ತು ಆಪಾ?"

"ನಮ್ ಅಬ್ಬಾ ಅಂಗಡೀಲಿ ಹೇಳ್ತಿರಲಿಲ್ವಾ? ಹೊಸಾ ಬಟ್ಟೆ ನೀರು ಕುಡೀದೆ ಮೈಮೇಲೆ ಹೋಗಲ್ಲ ನಮ್ ಮನೇಲಿ. ನಿನ್ನೆ ಸಂಜೆ ಬಕೆಟ್ಟಿಗೆ ಹಾಕ್ದೆ. ಎತ್ತಿದ್ರೆ ಬಕೆಟ್ಟಿನ ತಳ ಕಾಣ್ತದೆ."

ನನ್ನ ತಲೆ ತಗ್ಗಿತು. "ಇವತ್ತು ನಾನೇ ನಿಮ್ಮ ಮನೆ ಹಾಳ್ ಮಾಡ್ತಿದ್ದೆ."

"ಅಳ್ಬೇಡ, ಜನ ನೋಡ್ತಾರೆ" ಎಂದರು ಆಪಾ. ನನ್ನ ಕೈಯಲ್ಲಿದ್ದ ಬೆಡ್‌ಶೀಟು ತೆಗೆದುಕೊಂಡು ಮಡಚುತ್ತಾ, "ಸಿಕ್ತಲ್ಲ ನೆಪ ಅಂತ ಖುಷಿ ಆಯ್ತು ಗಿರಿಜಾ. ನಿಜ ಹೇಳ್ತೀನಿ. ಆ ಬಟ್ಟೆ ಹಂಗೇ ಅವಳ ಮುಂದೆ ಹಿಡಿದಿದ್ರೆ ಸಾಕಿತ್ತು, ಅವಳೇ ಬೇಡ ಅಂತಿದ್ಳು. ಹಿಡಿಯಕ್ಕೆ ಅಂತಾನೇ ಹೋದೆ. ಬಾಗಿಲ ಹತ್ರ ಹೋದ್ರೆ, ಒಳಗೆ ಮಂಚದ ಮೇಲೆ ಬೋರಲು ಮಲಗಿ ಕೈ ಬೀಸ್ತಾ ಇದಾಳೆ. ಪ್ರಾಕ್ಟೀಸು. ಅವಳ ಅಬ್ಬಾ ಅವಳಿಗೆ ಚಿಕ್ಕೋಳಿದ್ದಾಗ ಹಂಗೇ ಮಂಚದ ಮೇಲೆ ಹೇಳ್ಕೊಡ್ತಿದ್ರು" ಎಂದರು.

 ಸೆರಗಿನಂತೆ ಮುಸುಕಿನ ಅಂಚು ಹಿಡಿದು ಮೂಗೊರೆಸಿಕೊಂಡರು.

"ವಾಪಸ್ ಬಂದೆ. ರಾತ್ರಿ ನಮಾಜ್ ಆದ್ಮೇಲೆ ಅವಳ ಹಳೇ ಕರೀ ಲೆಗ್ಗಿಂಗ್ಸು, ಟೀ ಶರ್ಟು ಕತ್ತರಿಸಿ ಒಳಗೆ ಕೂರಿಸ್ದೆ. ಅವ್ಳಿಗೆ ಹೇಳಿಲ್ಲ. ನೀನೇ ಹಾಕಿದೀಯ ಅನ್ಕೊಂಡಿದಾಳೆ. ಅನ್ಕೊಳ್ಲಿ."

"ಯಾಕ್ ಹೇಳ್ಲಿಲ್ಲ?"

"ಭಯ ಇಟ್ಕೊಂಡು ನೀರಿಗೆ ಇಳಿದ್ರೆ ಮುಳುಗ್ತಾರೆ ಕಣೇ" ಎಂದರು ಆಪಾ.

ಆಮೇಲೆ ನಾನು ಆ ಬಟ್ಟೆ ತರಿಸಿ ನೋಡಿದೆ. ಒಳಗಿನ ಹೊಲಿಗೆಯನ್ನು ನೇರವಾಗಿ ಹಾಕಿರಲಿಲ್ಲ, ಎಳೆದರೆ ಬಿಗಿಯದೆ ಹಿಗ್ಗುವ ಹಾಗೆ ಹಾವಿನ ನಡೆಯಂತೆ ಓರೆ ಓರೆ ಹಾಕಿದ್ದರು. ಸುಧಾ, ಅಂಗಡಿಯ ಕೆಳಗಿನ ಹಿತ್ತಿಲಲ್ಲಿ ನಾನು ಇಟ್ಟಿರುವ ನೀಲಿ ಡ್ರಮ್ಮು ಏತಕ್ಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ಲೈಕ್ರಾ ಆಗಲಿ, ಮತ್ತೊಂದಾಗಲಿ, ಮೊದಲು ಅದರಲ್ಲಿ ಅದ್ದು. ಕೈ ಮೇಲೆ ಹರಡಿ ಬಿಸಿಲಿಗೆ ಹಿಡಿದು ನೋಡು. ಗಿರಾಕಿ ಕೈಗಡಿಯಾರ ನೋಡಿದರೆ ನೋಡಿಕೊಳ್ಳಲಿ.

ಅವತ್ತಿನದು ಇನ್ನೂ ಸ್ವಲ್ಪ ಉಳಿದಿದೆ. ಅಫ್ರೀನ್ ಎತ್ತರದ ಹಲಗೆ ಹತ್ತಿ ನಿಂತಳು, ಧುಮುಕಿ ತೋರಿಸಲು. ಆಪಾ ಗಕ್ಕನೆ ನನ್ನ ಕೈ ಹಿಡಿದು ಕಣ್ಣು ಮುಚ್ಚಿಕೊಂಡರು. ಆಗ ತಿಳಿಯಿತು, ನನಗಿಂತ ಹೆಚ್ಚು ಹೆದರಿದ್ದವರು ಅವರು. ಬಾಯಲ್ಲಿ ಏನೋ ಪ್ರಾರ್ಥನೆ. ಧುಮುಕಿದ ಸದ್ದಾಯಿತು.

"ಬಂದ್ಳಾ ಮೇಲೆ?" ಎಂದರು.

"ಬಂದ್ಳು ಆಪಾ."

ಅವಳು ಮತ್ತೆ ಹತ್ತಿದಳು, ಮತ್ತೆ ಧುಮುಕಿದಳು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಬೆಳಗಿನಿಂದಲೂ ಆಪಾ ಮಗಳ ಈಜನ್ನು ಒಂದು ಸಲವೂ ಕಣ್ಣುಬಿಟ್ಟು ನೋಡಿರಲಿಲ್ಲ. ಪಕ್ಕದಲ್ಲಿದ್ದವರನ್ನು ಹೀಗೇ ಕೇಳುತ್ತಾ ಕೂತಿದ್ದರಂತೆ.

ಇನ್ನೊಂದು ಸಲ ನೀರು ಸಿಡಿಯಿತು.

"ಬಂದ್ಳಾ?"

ನಾನು ಹೇಳಲಿಲ್ಲ. ಅವರ ಬೆರಳುಗಳು ನನ್ನ ಕೈಯನ್ನು ಹಿಸುಕಿದವು.

"ಗಿರಿಜಾ, ಬಂದ್ಳಾ?"

"ನೀವೇ ನೋಡಿ ಆಪಾ" ಎಂದೆ.

ಕಣ್ಣು ಬಿಟ್ಟರು.